ಐದನೆಯ ನಿಂಬೆಹಣ್ಣು

ನಮ್ಮಲ್ಲಿ ಸ್ವಂತ ಕಾರುಗಳಿಗೆ ವರ್ಷಕ್ಕೊಂದು ತಪಾಸಣೆ ಇಲ್ಲ ಎಂದು ಕೊರಗುವವರು ಆಯುಧಪೂಜೆಯನ್ನು ಮರೆತಿರುತ್ತಾರೆ. ಆ ದಿನ ಬೆಳಗ್ಗೆ ಕಾರಿಗೆ ಅಭ್ಯಂಜನವಾಗುತ್ತದೆ. ಬಾನೆಟ್ಟಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಅದರ ಮೇಲೆ ಸೇವಂತಿಗೆ ಹಾರ, ಎರಡು ಬದಿಗೆ ಬಾಳೆಕಂದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಮಂಗಳಾರತಿ ಆಗಿ, ಬೂದುಗುಂಬಳ ಒಡೆದು, ಗಾಡಿ ಒಂದಡಿ ಮುಂದೆ ಹೋಗಿ ನಾಲ್ಕು ಹಣ್ಣೂ ಅಪ್ಪಚ್ಚಿಯಾದರೆ ಪಾಸು. ಬ್ರೇಕು ಹಿಡಿಯುತ್ತದೆಯೇ ಎಂಬ ಪ್ರಶ್ನೆ ಈ ಪರೀಕ್ಷೆಯಲ್ಲಿ ಬರುವುದಿಲ್ಲ. ಒಂದಡಿ ಪ್ರಯಾಣಕ್ಕೆ ಬ್ರೇಕು ಯಾಕೆ? ಇಲ್ಲಿಯವರೆಗೆ ಯಾವ ಕಾರೂ ಇದರಲ್ಲಿ ಫೇಲಾದದ್ದಿಲ್ಲ. ಫೇಲಾಗುವವರು ಯಾರಾದರೂ ಇದ್ದರೆ, ಸಂಜೆ ಅದೇ ಕುಂಬಳದ ಹೋಳಿನ ಮೇಲೆ ಜಾರುವ ಬೈಕಿನವರು.

ಸರ್ಕಾರ ದೇವರಿಗಿಂತ ಧಾರಾಳಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೊಸ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಊರ್ಜಿತ. ಅದು ಮುಗಿದ ಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2014ರಲ್ಲಿ ಶೋರೂಮಿನಿಂದ ಹೊರಟ ಕಾರಿಗೆ 2029ರವರೆಗಿನ ಆಯುರಾರೋಗ್ಯವನ್ನು ಅಂದೇ ಬರೆದುಕೊಟ್ಟಾಯಿತು. ತೊಟ್ಟಿಲಲ್ಲಿ ಮಲಗಿರುವ ಮಗುವಿನ ಕೈಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟ ಹಾಗೆ. ನಡುವೆ ಅದು ಮೋರಿಗೆ ಇಳಿದು ಬರಲಿ, ಲಾರಿಯ ಬೆನ್ನಿಗೆ ಮುತ್ತಿಟ್ಟು ಬರಲಿ, ಆರ್‌ಸಿ ಕಾರ್ಡಿನ ಮುಖದಲ್ಲಿ ಒಂದು ಗೆರೆಯೂ ಏಳುವುದಿಲ್ಲ.

ಹಳದಿ ಬೋರ್ಡಿನ ಗಾಡಿಗಳಿಗೆ ಈ ಭಾಗ್ಯವಿಲ್ಲ. ಟ್ಯಾಕ್ಸಿ, ಲಾರಿಗಳು ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಬಾಡಿಗೆಗೆ ಓಡುವ ಚಕ್ರ ಕಳಚಿಕೊಳ್ಳಬಹುದು, ಸ್ವಂತಕ್ಕೆ ಓಡುವ ಚಕ್ರ ಮರ್ಯಾದಸ್ಥರ ಮನೆಯದು, ಹಾಗೆಲ್ಲ ಮಾಡುವುದಿಲ್ಲ ಎಂಬುದು ಕಾಯ್ದೆಯ ನಂಬಿಕೆ. ಬಿಳಿ ಬೋರ್ಡಿಗೆ ಇರುವುದು ಎಮಿಷನ್ ಟೆಸ್ಟ್ ಒಂದೇ. ಮೊದಲ ವರ್ಷ ಅದೂ ಬೇಡ. ಆಮೇಲೆ ಬಿಎಸ್-4 ಮತ್ತು ಅದಕ್ಕಿಂತ ಹೊಸ ಗಾಡಿಗೆ ವರ್ಷಕ್ಕೊಮ್ಮೆ, ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನ ಹುಡುಗ ಸೈಲೆನ್ಸರಿಗೆ ಒಂದು ಕೊಳವೆ ತೂರಿಸಿ, ನಂಬರ್ ಪ್ಲೇಟಿನ ಫೋಟೋ ತೆಗೆದು, ಚೀಟಿ ಹರಿದು ಕೊಡುತ್ತಾನೆ. ಹೊಗೆ ಎಷ್ಟಿದೆ ಎಂದು ಹೇಳುವುದಷ್ಟೇ ಆ ಚೀಟಿಯ ಕೆಲಸ. ನಾವು ಮಾತ್ರ ಅದನ್ನು ಗಾಡಿಯ ಆರೋಗ್ಯಪತ್ರ ಎಂದುಕೊಂಡು ಜೋಪಾನ ಮಾಡುತ್ತೇವೆ. ಹಿಂಭಾಗದ ವಾಸನೆ ನೋಡಿ ಹೃದಯ ಗಟ್ಟಿಯಿದೆ ಎಂದು ನಂಬಿಕೊಳ್ಳುವ ವೈದ್ಯಶಾಸ್ತ್ರ ನಮ್ಮದು.

ಹೀಗಾಗಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವನಿಗೆ ಓದಲು ಚರಿತ್ರೆ ಸಿಗುವುದಿಲ್ಲ. ಚರಿತ್ರೆ ಇಲ್ಲದ ಕಡೆ ಪುರಾಣ ಹುಟ್ಟುತ್ತದೆ. ನಮ್ಮಲ್ಲಿ ಪ್ರತಿ ಹಳೆಯ ಕಾರಿಗೂ ಒಂದು ಸ್ಥಳಪುರಾಣವಿದೆ, ಅದನ್ನು ಒಪ್ಪಿಸಲು ಒಬ್ಬ ಬ್ರೋಕರ್ ಇದ್ದಾನೆ.

“ಡಾಕ್ಟರ್ ಗಾಡಿ ಸಾರ್. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ.”

ಒಂದು ತಿಂಗಳಲ್ಲಿ ನಾನು ಹನ್ನೊಂದು ಕಾರು ನೋಡಿದೆ. ಏಳು ಡಾಕ್ಟರುಗಳದು. ಎರಡು, ಮಗ ಅಮೆರಿಕಕ್ಕೆ ಹೋದ ಮೇಲೆ ಶೆಡ್ಡಿನಲ್ಲೇ ನಿಂತಿದ್ದವು. ಒಂದನ್ನು ಮೇಡಂ ಒಬ್ಬರು ತರಕಾರಿ ತರಲು ಮಾತ್ರ ತೆಗೆಯುತ್ತಿದ್ದರು. ರಾಜ್ಯದಲ್ಲಿ ವೈದ್ಯರ ಕೊರತೆಯಿದೆ ಎಂದು ಪತ್ರಿಕೆಯಲ್ಲಿ ಬಂದರೆ ಇನ್ನು ಮೇಲೆ ನಾನು ನಂಬುವುದಿಲ್ಲ. ಹನ್ನೊಂದರಲ್ಲಿ ಒಂಬತ್ತರ ಮೀಟರು ನಲವತ್ತರಿಂದ ಐವತ್ತು ಸಾವಿರ ಕಿಲೋಮೀಟರಿನ ನಡುವೆ ನಿಂತಿತ್ತು. ಗಾಡಿಗಳ ವಯಸ್ಸು ಐದೂ ಇತ್ತು, ಹನ್ನೆರಡೂ ಇತ್ತು. ಮೀಟರಿಗೆ ಮಾತ್ರ ಚಿರಯೌವನ. ನಲವತ್ತೆರಡು ಸಾವಿರ ಓಡಿದ್ದ ಒಂದು ಗಾಡಿಯಲ್ಲಿ ಕ್ಲಚ್ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ತೋರಿಸಿದೆ.

“ಡಾಕ್ಟರ ಕಾಲು ಸ್ವಲ್ಪ ಭಾರ ಸಾರ್.”

ಹಿಂದೆ ಮೀಟರು ತಿರುಗಿಸಲು ಸ್ಕ್ರೂಡ್ರೈವರೂ ಒಂದು ಮಧ್ಯಾಹ್ನವೂ ಬೇಕಿತ್ತು. ಈಗ ಲ್ಯಾಪ್‌ಟಾಪಿನ ವೈರು ಚುಚ್ಚಿ ಕೂತರೆ ಕಾಫಿ ಆರುವುದರೊಳಗೆ ಕಾರು ಹುಟ್ಟೂರಿಗೆ ಹೋಗಿ ಬರುತ್ತದೆ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಫೋನು ಮಾಡಿದ್ದು ಈ ಹೊತ್ತಿನಲ್ಲಿ.

“ಮಾವ, ಗಾಡಿ ನಂಬರ್ ಹಾಕಿ ನೋಡಿದ್ರಾ?”

“ನೋಡಿದೆ ಕಣೋ. ಎಷ್ಟನೇ ಓನರು, ಇನ್ಶೂರೆನ್ಸ್ ಯಾವತ್ತು ಮುಗಿಯತ್ತೆ, ಬ್ಯಾಂಕ್ ಸಾಲ ಇದ್ಯಾ, ಎಮಿಷನ್ ಇದ್ಯಾ, ಎಲ್ಲ ಬಂತು.”

“ಗಾಡಿ ಹೇಗಿದೆ ಅಂತ?”

“ಅದೊಂದು ಬಿಟ್ಟು.”

ಅವನ ದೇಶದಲ್ಲಿ ಅದೊಂದನ್ನೇ ಮೊದಲು ನೋಡುತ್ತಾರಂತೆ. ಎಂಓಟಿ ಎಂಬ ಪರೀಕ್ಷೆ ಅಲ್ಲಿ 1960ರಲ್ಲೇ ಶುರುವಾಯಿತು. ಮೊದಲಿಗೆ ಹತ್ತು ವರ್ಷ ದಾಟಿದ ಕಾರುಗಳಿಗೆ ಮಾತ್ರ ಇತ್ತು; 1967ರ ಹೊತ್ತಿಗೆ ಮೂರು ವರ್ಷಕ್ಕೆ ಇಳಿಯಿತು. ಅಂದರೆ ಮೂರು ವರ್ಷ ತುಂಬಿದ ಕಾರು ಅಲ್ಲಿಂದಾಚೆ ಪ್ರತಿ ವರ್ಷ ಪರೀಕ್ಷೆಗೆ ಕೂರಬೇಕು. ಬ್ರೇಕು, ಟೈರು, ಸ್ಟೀರಿಂಗು, ದೀಪ, ಸೀಟ್ ಬೆಲ್ಟು, ತಳದ ತುಕ್ಕು, ಹೊಗೆ ಎಲ್ಲ ನೋಡಿ, ಮೀಟರು ಎಷ್ಟಿತ್ತೆಂದೂ ಬರೆದಿಡುತ್ತಾರೆ. 2018ರ ಮೇ ತಿಂಗಳಿನಿಂದ ದೋಷಗಳಿಗೆ ಅಪಾಯಕಾರಿ, ದೊಡ್ಡದು, ಸಣ್ಣದು ಎಂಬ ವರ್ಗವೂ ಬಂದಿದೆ. ಜೊತೆಗೆ “ಇದರ ಮೇಲೆ ಕಣ್ಣಿರಲಿ” ಎಂಬ ಸಲಹೆಯ ಸಾಲು ಬೇರೆ. ಗಾಡಿಯ ನಂಬರು ಗೊತ್ತಿದ್ದರೆ ಸಾಕು, 2005ರಿಂದೀಚಿನ ಇದಿಷ್ಟನ್ನೂ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮಾರುವವನ ಅಪ್ಪಣೆ ಬೇಡ. ಎದುರು ಮನೆಯವನ ಕಾರಿನ ಪಾಪಗಳನ್ನು ಕೂಡ ಕಾಫಿ ಕುಡಿಯುತ್ತಾ ಓದಬಹುದು. ನಮ್ಮದು ಸ್ಥಳಪುರಾಣವಾದರೆ ಅವರದು ಗರುಡಪುರಾಣ.

ಅವನು ಕೊಳ್ಳಬೇಕೆಂದಿದ್ದ ಒಂದು ಕಾರಿನ ಗರುಡಪುರಾಣವನ್ನು ಫೋನಿನಲ್ಲೇ ಪಾರಾಯಣ ಮಾಡಿದ. 2016: ಪಾಸು, ಬ್ರೇಕ್ ಪೈಪಿಗೆ ತುಕ್ಕು ಹಿಡಿಯುತ್ತಿದೆ, ಕಣ್ಣಿರಲಿ. 2017: ಪಾಸು, ಬ್ರೇಕ್ ಪೈಪಿನ ತುಕ್ಕು, ಕಣ್ಣಿರಲಿ. 2018: ಫೇಲು, ಅದೇ ಪೈಪು. ಅದೇ ದಿನ ಮಧ್ಯಾಹ್ನ ಪಾಸು.

“ಸರಿ ಮಾಡಿಸಿದನಲ್ಲಪ್ಪ, ಇನ್ನೇನು?” ಎಂದೆ.

“ಪೈಪ್ ಹಾಳಾಗಲಿ ಮಾವ, ಮನುಷ್ಯನ್ನ ನೋಡಿ. ಎರಡು ವರ್ಷ ಬರೆದುಕೊಟ್ಟರೂ ಅಲ್ಲಾಡದವನು ಕಾಲಕಾಲಕ್ಕೆ ಆಯಿಲ್ ಬದಲಾಯಿಸಿರ್ತಾನಾ?”

ಬೆರಗಾದೆ. ಕಾರಿನ ಚರಿತ್ರೆ ಅಂದರೆ ಓಡಿಸಿದವನ ಚರಿತ್ರೆ. ಅವನು ಕಲಿಸಿದ ಸೂತ್ರಗಳನ್ನು ಗುರುತು ಹಾಕಿಕೊಂಡೆ. ಒಂದೇ ದೂರು ವರ್ಷವರ್ಷ ಬಂದರೆ ಯಜಮಾನ ಕಿವುಡ. ತುಕ್ಕಿನ ಮಾತು ಒಮ್ಮೆ ಬಂದು ಮಾಯವಾದರೆ ರಿಪೇರಿಯ ಬಿಲ್ಲು ಕೇಳು, ಬಿಲ್ಲಿಲ್ಲದಿದ್ದರೆ ಕರಿ ಬಣ್ಣ ಬಳಿದಿದ್ದಾರೆ. ನಡುವೆ ಒಂದು ವರ್ಷದ ಪರೀಕ್ಷೆಯೇ ಕಾಣದಿದ್ದರೆ ಆ ವರ್ಷ ಗಾಡಿ ಎಲ್ಲಿತ್ತು ಎಂದು ಕೇಳು. ಮೀಟರು ಹಿಂದಿನ ವರ್ಷಕ್ಕಿಂತ ಕೆಳಗಿಳಿದಿದ್ದರೆ ಏನನ್ನೂ ಕೇಳದೆ ಮನೆಗೆ ಹೋಗು. ಎಲ್ಲಕ್ಕಿಂತ ವಿಚಿತ್ರವಾದದ್ದು ಕೊನೆಯ ಸೂತ್ರ: ಹದಿಮೂರು ವರ್ಷದ ಕಾರಿನ ದಾಖಲೆಯಲ್ಲಿ ಒಂದು ದೂರೂ ಇಲ್ಲದಿದ್ದರೆ ಹುಷಾರಾಗು. ಕಾರು ಚೆನ್ನಾಗಿತ್ತೋ, ನೋಡಿದವನ ಕಣ್ಣು ಮುಚ್ಚಿತ್ತೋ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನವರೇನು ಸತ್ಯಹರಿಶ್ಚಂದ್ರರಲ್ಲ. ಎಂಜಿನ್ನು, ಕ್ಲಚ್ಚು, ಗೇರ್‌ಬಾಕ್ಸುಗಳ ಸವೆತ ಆ ಪರೀಕ್ಷೆಗೆ ಸೇರುವುದೇ ಇಲ್ಲ. ಪಾಸಾದ ಕಾರು ಪಾಸಾದ ದಿನಕ್ಕಷ್ಟೇ ಪಾಸು. ಮೊದಲ ಮೂರು ವರ್ಷ ದಾಖಲೆಯೇ ಇಲ್ಲದ್ದರಿಂದ ಮೀಟರು ತಿರುಗಿಸುವವರಿಗೆ ಅಲ್ಲೊಂದು ಕಿಂಡಿಯೂ ಇದೆ. ಮೋಸ ಎಲ್ಲ ಕಡೆ ಇದೆ. ಅಲ್ಲಿ ಮೋಸಗಾರನಿಗೆ ಮನೆಪಾಠ ಸ್ವಲ್ಪ ಜಾಸ್ತಿ.

ಫೋನಿಟ್ಟ ಮೇಲೆ ನನಗೆ ತಾತ ನೆನಪಾದರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಅವರು ಮಾರುವವನ ಬಾಯಿ ಕಡೆ ನೋಡುತ್ತಿರಲಿಲ್ಲ, ಎತ್ತಿನ ಬಾಯಿ ಬಿಡಿಸುತ್ತಿದ್ದರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಎಣಿಸಿ, ಸುಳಿ ನೋಡಿ, ನಡೆಸಿ, ಕೂರಿಸಿ, ಎಬ್ಬಿಸಿ, ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಅಂಥವರ ಮೊಮ್ಮಗ ನಾನು ಬಾನೆಟ್ಟು ಎತ್ತಿ ಎಂಜಿನ್ನನ್ನು ಗಂಭೀರವಾಗಿ ನೋಡಿ “ಹೂಂ” ಅನ್ನುತ್ತೇನೆ. ಏನನ್ನು ನೋಡಬೇಕು ಎಂದು ಎಂಜಿನ್ನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಮ್ಮ ಬೀದಿ ತುದಿಯ ಗ್ಯಾರೇಜಿನ ಮೇಸ್ತ್ರಿ ಮಾತ್ರ ತಾತನ ಪೈಕಿ. ಮುಂದಿನ ಕಾರು ನೋಡಲು ಅವರನ್ನು ಕರೆದುಕೊಂಡು ಹೋದೆ. ಅವರು ಬಾನೆಟ್ಟಿನ ತಂಟೆಗೇ ಹೋಗದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯ ಮೇಲಿದ್ದ ನಾಲ್ಕು ಅಂಕಿಗೆ ಬೆರಳಿಟ್ಟರು. 2319. “ಹಲ್ಲು ನೋಡ್ಕೊಳ್ಳಿ. 2019ನೇ ಇಸವಿ, ಇಪ್ಪತ್ಮೂರನೇ ವಾರ. ಗಾಡಿ 2016ರದು. ಇಪ್ಪತ್ತು ಸಾವಿರ ಓಡಿದೆ ಅಂತಾನೆ, ಮೂರು ವರ್ಷಕ್ಕೇ ನಾಲ್ಕು ಟೈರು ಯಾಕೆ ಬದಲಾಯ್ಸಿದ?” ಆಮೇಲೆ ಕಿಟಕಿ ಗಾಜುಗಳ ಮೂಲೆಯ ಗುರುತು ಓದಿದರು. ಮೂರು ಬಾಗಿಲಿನ ಗಾಜು ಒಂದೇ ವರ್ಷದ್ದು, ನಾಲ್ಕನೆಯದು ದತ್ತು ಬಂದದ್ದು. ಆ ಬಾಗಿಲಿನ ರಬ್ಬರು ಸುಲಿದು ಕೆಳಗಿನ ಬಣ್ಣ ತೋರಿಸಿದರು. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಮತ್ತೊಂದು ಗಾಡಿ ನೋಡಲು ಹೋದಾಗ ಅದರೊಳಗೆ ಮಲ್ಲಿಗೆ ಸೆಂಟು ಘಂ ಅನ್ನುತ್ತಿತ್ತು. ಮೇಸ್ತ್ರಿ ಸೀಟ್ ಬೆಲ್ಟನ್ನು ಬಾವಿಯಿಂದ ಹಗ್ಗ ಸೇದುವ ಹಾಗೆ ಕೊನೆಯವರೆಗೂ ಎಳೆದರು. ಅರ್ಧದಿಂದಾಚೆ ಬೆಲ್ಟು ಮಣ್ಣಿನ ಬಣ್ಣದ್ದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಕೋಟಿ ಬೆಲೆಯ ಮನೆಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ ನೆಲಮಾಳಿಗೆಯಲ್ಲಿ ಮುಳುಗಿದ ಕಾರುಗಳು ಸತ್ತವೆಂದು ನಾವು ಅಂದುಕೊಂಡಿದ್ದೆವು. ಮುಳುಗಿದ್ದರಲ್ಲಿ ಎಷ್ಟೋ ಕಾರು ಹರಾಜಿನಲ್ಲಿ ಪುನರ್ಜನ್ಮ ಪಡೆದು ಬರುತ್ತವೆ. ಕಾರ್ಪೆಟ್ಟು ಹೊಸದು, ಸೆಂಟು ಹೊಸದು, ಪುರಾಣವೂ ಹೊಸದು. ಬೆಲ್ಟಿನ ಒಳಮಗ್ಗುಲು ಮಾತ್ರ ಹಳೆಯದು, ಅದನ್ನು ತೊಳೆಯಲು ಯಾರಿಗೂ ಹೊಳೆಯುವುದಿಲ್ಲ. ಮಂಗಳೂರು, ಉಡುಪಿಯ ಗಾಡಿಯಾದರೆ ಮೇಸ್ತ್ರಿ ತಳಕ್ಕೇ ನುಗ್ಗುತ್ತಾರೆ. ಇಂಗ್ಲೆಂಡಿನಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲಿ ಕಾರುಗಳ ಹೊಟ್ಟೆ ತಿನ್ನಿಸುತ್ತಾರೆ. ಕರಾವಳಿಯಲ್ಲಿ ಆ ಸೇವೆಯನ್ನು ಸಮುದ್ರದ ಗಾಳಿ ಪುಕ್ಕಟೆ ಒದಗಿಸುತ್ತದೆ.

ಕಾಗದಗಳಲ್ಲೂ ಒಂದು ಹಲ್ಲಿದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲು. ಪರಿಹಾರ ಕೇಳದೆ ಐದು ವರ್ಷ ಕಳೆದವರಿಗೆ ಅದು ಶೇ 50ರವರೆಗೆ ಏರುತ್ತದೆ. ಒಮ್ಮೆ ಕೇಳಿದರೆ ಮುಂದಿನ ವರ್ಷ ಸೊನ್ನೆ. “ಒಂದು ಗೀರೂ ಬಿದ್ದಿಲ್ಲ ಸಾರ್” ಎನ್ನುವವನ ಪಾಲಿಸಿಯಲ್ಲಿ ಸೊನ್ನೆ ಕಂಡರೆ ಗೀರು ಎಲ್ಲೋ ಇದೆ. ಆದರೆ 50 ಕಂಡಿತೆಂದು ಕುಣಿಯುವ ಹಾಗೂ ಇಲ್ಲ. ಆ ಬೋನಸ್ಸು ಕಾರಿನದ್ದಲ್ಲ, ಯಜಮಾನನದ್ದು. ಹಿಂದಿನ ಕಾರಿನಿಂದ ಎತ್ತಿಕೊಂಡು ಬಂದಿರಬಹುದು. ಅದು ಕೈಬಿಟ್ಟೀತೆಂದು ಸಣ್ಣಪುಟ್ಟ ಗುದ್ದುಗಳನ್ನೆಲ್ಲ ಸ್ವಂತ ಜೇಬಿನಿಂದ ತಟ್ಟಿಸಿರಲೂಬಹುದು.

ಈಗ ಹಳೆಯ ಕಾರು ಮಾರುವ ದೊಡ್ಡ ಮಳಿಗೆಗಳು ಬಂದಿವೆ, ಇನ್ನೂರು ಅಂಶಗಳ ತಪಾಸಣೆ ಎನ್ನುತ್ತಾರೆ. ಒಂದು ಕಡೆ ನಾನೂ ಆ ವರದಿ ಓದಿದೆ. ವೈಪರು ಸರಿ, ಹಾರನ್ನು ಸರಿ, ಬೂದಿಬಟ್ಟಲು ಸರಿ, ಸ್ಟೆಪ್ನಿ ಸರಿ. ಇನ್ನೂರು ಹಸಿರು ಗುರುತು. ವರ ನೋಡಲು ಹೋದವರಿಗೆ ವರನ ತಾಯಿಯೇ ಬರೆದ ಗುಣಪಟ್ಟಿ ಓದಿದ ಹಾಗಾಯಿತು.

ಕೊನೆಗೆ ಹನ್ನೆರಡನೆಯ ಕಾರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರದು. ಅವರು ಪುರಾಣ ಹೇಳಲಿಲ್ಲ. ಒಳಗೆ ಹೋಗಿ ಹಗ್ಗ ಕಟ್ಟಿದ ಒಂದು ದಪ್ಪ ಫೈಲು ತಂದು ಮುಂದಿಟ್ಟರು. ಒಂಬತ್ತು ವರ್ಷದ ಪ್ರತಿ ಸರ್ವೀಸಿನ ಬಿಲ್ಲು, ಪ್ರತಿ ಬಿಲ್ಲಿನ ಮೇಲೆ ಕಿಲೋಮೀಟರು, ಅಂಚಿನಲ್ಲಿ ಅವರದೇ ಅಕ್ಷರ: “ಸಿಗ್ನಲ್ಲಿನಲ್ಲಿ ಬಸ್ಸು ಹಿಂದಿನಿಂದ ತಾಗಿತು. ಡಿಕ್ಕಿ ಬಾಗಿಲು ಹೊಸದು.” “ಕ್ಲಚ್ ಪ್ಲೇಟ್ ಬದಲಾವಣೆ.” “ಎಡ ಮುಂದಿನ ಚಕ್ರದಲ್ಲಿ ಶಬ್ದ. ಬೇರಿಂಗ್ ಹಾಕಿಸಿದೆ, ನಿಂತಿತು.”

“ಇದನ್ನೆಲ್ಲ ಯಾಕೆ ಸಾರ್ ಬರೆದಿಟ್ಟಿದ್ದೀರಿ?” ಎಂದೆ.

“ಕೊಳ್ಳೋರು ಕೇಳಿದ್ರೆ ಹೇಳ್ಬೇಕಲ್ಲಪ್ಪ.”

ಮೇಸ್ತ್ರಿ ನನ್ನ ಕಿವಿಯಲ್ಲಿ, “ಕಣ್ಮುಚ್ಚಿ ತಗೊಳ್ಳಿ, ಇಂಥ ಗಾಡಿ ಸಿಗಲ್ಲ” ಎಂದರು. ನಾನು ಕಣ್ಣು ಮುಚ್ಚಲಿಲ್ಲ. ಅಕ್ಕನ ಮಗ ಕಲಿಸಿದ ವಿದ್ಯೆ ಕೈಯಲ್ಲಿತ್ತು. ಫೈಲು ಬಿಚ್ಚಿ, ಡಿಕ್ಕಿ ಬಾಗಿಲಿಗೆ ಹತ್ತು ಸಾವಿರ, ಕ್ಲಚ್ಚಿಗೆ ಹದಿನೈದು, ಬೇರಿಂಗಿಗೆ ಐದು, “ಒಟ್ಟಿನಲ್ಲಿ ಬಹಳ ರಿಪೇರಿ ಕಂಡ ಗಾಡಿ” ಎಂಬ ಕಾರಣಕ್ಕೆ ಇನ್ನೊಂದು ಹತ್ತು ಎಂದು ಮುರಿದುಕೊಂಡೆ. ನಲವತ್ತು ಸಾವಿರ. ಅವರು ಕೊಟ್ಟ ಪುರಾವೆಯಿಂದಲೇ ಅವರನ್ನು ಸೋಲಿಸಿದೆ. ಡಾಕ್ಟರುಗಳ ಏಳು ಗಾಡಿಗಳ ಮುಂದೆ ನಿಂತಾಗ ನನ್ನ ಬಾಯಿಂದ ಐದು ಸಾವಿರದ ಚೌಕಾಸಿಯೂ ಬಂದಿರಲಿಲ್ಲ, ಯಾಕೆಂದರೆ ಅಲ್ಲಿ ಹಿಡಿದುಕೊಳ್ಳಲು ಒಂದು ಚೀಟಿಯೂ ಇರಲಿಲ್ಲ. ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆಯನ್ನು ನಾವು ಸ್ವಲ್ಪ ಸುಧಾರಿಸಿದ್ದೇವೆ. ಈಗ ಕೋಪ ಮಾಡಿಕೊಳ್ಳುವುದಿಲ್ಲ, ದುಡ್ಡು ಕಡಿಮೆ ಕೊಡುತ್ತೇವೆ.

ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಇದನ್ನೇ ಬರೆದ. ಅವರ ಆಡುಮಾತಿನಲ್ಲಿ ಕೊಂಡ ಮೇಲೆ ಗೋಳು ಹೊಯ್ದುಕೊಳ್ಳುವ ಕಾರಿಗೆ ನಿಂಬೆಹಣ್ಣು ಎನ್ನುತ್ತಾರೆ. ಒಳ್ಳೆಯದು ಯಾವುದು, ನಿಂಬೆಹಣ್ಣು ಯಾವುದು ಎಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎರಡಕ್ಕೂ ನಡುವಿನ ಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರದೆ ಮನೆಗೆ ಹೋಗುತ್ತಾನೆ. ಸಂತೆಯಲ್ಲಿ ಉಳಿಯುವುದು ನಿಂಬೆಹಣ್ಣು. ಈ ಲೇಖನವನ್ನು ಮೂರು ವಿದ್ವತ್ ಪತ್ರಿಕೆಗಳು ತಿರಸ್ಕರಿಸಿದವು. ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅದೇ ವಿಚಾರಕ್ಕೆ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಇನ್ನಿಬ್ಬರ ಜೊತೆ ಹಂಚಿಕೊಂಡ. ಲೇಖನದಲ್ಲಿ ನಮ್ಮ ದೇಶದ ಲೇವಾದೇವಿಯ ಉದಾಹರಣೆಯೂ ಇದೆ. ಅದು ಅಚ್ಚಾಗುವ ಮೊದಲು ಅವನು ಒಂದು ವರ್ಷ ದೆಹಲಿಯಲ್ಲಿದ್ದ. ಅಲ್ಲಿ ಯಾರಾದರೂ ಡಾಕ್ಟರ ಕಾರು ತೋರಿಸಿದ್ದರೋ ಏನೋ.

ಅವನು ಬರೆಯದೆ ಬಿಟ್ಟದ್ದು ಕಥೆಯ ಉತ್ತರಾರ್ಧ. ಹಿರಿಯರ ಕಾರು ಮನೆಗೆ ಬಂದ ಮೇಲೆ ನನ್ನ ಹಳೆಯ ಕಾರನ್ನು ಮಾರಬೇಕಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿ ನಾನೂ ಒಂದು ಫೈಲು ಮಾಡಿದೆ. ಎರಡನೇ ಗೇರು ಚಳಿಗೆ ಮೊಂಡು ಹಿಡಿಯುವುದು, ಎಂಬತ್ತು ದಾಟಿದರೆ ಸ್ಟೀರಿಂಗು ಜಪಕ್ಕೆ ಕೂತವರ ಹಾಗೆ ನಡುಗುವುದು, ಎಸಿ ಒಮ್ಮೆ ಕೈಕೊಟ್ಟಿದ್ದು, ಎಲ್ಲ ಬರೆದು ಬಿಲ್ಲು ಹಚ್ಚಿದೆ. ಮೂರು ಭಾನುವಾರ ಒಂಬತ್ತು ಜನ ಬಂದರು. ಫೈಲು ನೋಡುವವರೆಗೆ ಕಾರು ಚೆನ್ನಾಗಿತ್ತು. “ಇಷ್ಟೊಂದು ಕೆಲಸ ಆಗಿದ್ಯಾ ಸಾರ್?” ಎಂದು ಚಪ್ಪಲಿ ಮೆಟ್ಟಿದರು. ಒಬ್ಬ ಹುಡುಗ ಮಾತ್ರ ಗಮನವಿಟ್ಟು ಓದಿ ಅರವತ್ತು ಸಾವಿರ ಇಳಿಸಲು ಹೇಳಿದ. ಅವನಿಗೂ ಯಾವುದೋ ದೇಶದಲ್ಲಿ ಮಾವನೋ ಅಳಿಯನೋ ಇರಬೇಕು.

ಅದೇ ವಾರ ಪಕ್ಕದ ಮನೆಯವರ ಕಾರು, ಒಂದು ಚೀಟಿಯೂ ಇಲ್ಲದೆ, ಕೇಳಿದ ಬೆಲೆಗೆ ಹೋಯಿತು.

ಬ್ರೋಕರಿಗೆ ಫೋನು ಮಾಡಿದೆ. ಅವನು ಬಂದು, ಕಾರಿಗಿಂತ ಮೊದಲು ಫೈಲನ್ನು ಎತ್ತಿ ತೂಕ ನೋಡಿದ. “ಇದನ್ನ ಯಾರಿಗೂ ತೋರಿಸ್ಬೇಡಿ ಸಾರ್. ಗಾಡಿ ಚೆನ್ನಾಗೇ ಇದೆ, ಇದರಿಂದ ಕೆಡ್ತಾ ಇದೆ.” ಮನೆಯವಳು ಅದನ್ನು ಹಳೆಯ ಪೇಪರಿನ ಜೊತೆ ಕಟ್ಟಿಟ್ಟಳು. ಪಾಲಿಷ್ ಆಯಿತು. ಸೆಂಟು ಬಂತು. ಖಾಲಿ ಫಾರಂ 29, ಖಾಲಿ ಫಾರಂ 30ರ ಮೇಲೆ ಬ್ರೋಕರ್ ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿದೆ. ಮೀಟರಿನ ಮಾತು ಅವನು ಎತ್ತಲಿಲ್ಲ, ನಾನು ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು. ಮೊದಲ ಕಾರಂತೆ. ಆತ ಬಾನೆಟ್ಟು ಎತ್ತಿ ಎಂಜಿನ್ನನ್ನು ಗಂಭೀರವಾಗಿ ನೋಡಿ “ಹೂಂ” ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಗಾಡಿ ಜಾಸ್ತಿ ಓಡಿಸಿದ್ದೀರಾ ಸಾರ್?”

ಬ್ರೋಕರ್ ನನ್ನ ಮುಖ ನೋಡಿದ. ನಾನು ಡಾಕ್ಟರಲ್ಲ. ಆದರೂ ನಾಲಿಗೆ ತಡವರಿಸಲಿಲ್ಲ.

“ಎಲ್ಲಿ ಸಾರ್. ಮನೆ ಮುಂದೆ ನಿಂತಿದ್ದೇ ಜಾಸ್ತಿ.”

ಅರ್ಧ ಗಂಟೆಯಲ್ಲಿ ವ್ಯವಹಾರ ಮುಗಿಯಿತು. ಒಂದು ರೂಪಾಯಿಯ ಚೌಕಾಸಿಯಿಲ್ಲ. ಆಕೆ ಕೈಚೀಲದಿಂದ ಅರಿಶಿನ ಕುಂಕುಮ ತೆಗೆದು ಬಾನೆಟ್ಟಿಗೆ ಹಚ್ಚಿದರು, ಮಗಳು ಬಗ್ಗಿ ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟಳು. ಎಂಜಿನ್ನು ಒಂದೇ ಸಲಕ್ಕೆ ಹತ್ತಿತು, ಅದು ನಮ್ಮಿಬ್ಬರ ಪುಣ್ಯ. ಗಾಡಿ ಮುಂದೆ ಸರಿದು ನಾಲ್ಕು ಹಣ್ಣೂ ಚಕ್ರದಡಿ ಅಪ್ಪಚ್ಚಿಯಾದವು. ಐದನೆಯದನ್ನು ಅವರು ಓಡಿಸಿಕೊಂಡು ಹೋದರು.